ಎಳೆಯ ಕೈಗೆ ಮನೆಯ ತುತ್ತು
ಕರಿಯದೆ ಸುಟ್ಟು ಮಾಡುವ ಕಾಯಿಪಲ್ಲೆಯ ತಿನಿಸುಗಳು

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನಮ್ಮ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಊಟವನ್ನು ಬಲ್ಲವರಾಗುವ ಈ ಪಾಠವು ಮನುಷ್ಯನ ಬಾಳಿನಲ್ಲಿ ಎಂದು ಆರಂಭವಾಗುತ್ತದೆ? ಎಂಟು-ಒಂಬತ್ತು ತಿಂಗಳ ಕೂಸು ಆಯಿಯ ತೊಡೆಯ ಮೇಲೆ ಕುಳಿತು, ಎದುರಿನ ತಾಟಿಗೆ ಮೊದಲ ಸಲ ಕೈಚಾಚಿದ ದಿನವೇ ಅದು ಆರಂಭವಾಗುತ್ತದೆ. ಆ ದಿನ ಆ ಪುಟ್ಟ ಕೈಗೆ ನಾವು ಏನನ್ನು ಕೊಡುತ್ತೇವೆಯೋ ಅದರ ರುಚಿಯೇ ಮುಂದೆ ಬಹುಕಾಲ ಆ ನಾಲಿಗೆಯಲ್ಲಿ ನಿಲ್ಲುತ್ತದೆ.

ಇಂದು ನಾವು ಕೊಡುತ್ತಿರುವುದೇನು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಯಾವ ಊರಿಗೆ ಹೋದರೂ ಬೆಳಗಿನ ನೋಟ ಒಂದೇ ಬಗೆಯದು. ಹಿರಿಯರ ಕೈಯಲ್ಲಿ ಚಹಾದ ಬಟ್ಟಲು. ಪಕ್ಕದಲ್ಲಿ ಕುಳಿತ ಮಗುವಿನ ಕೈಯಲ್ಲಿ ಆ ಚಹಾದಲ್ಲಿ ಅದ್ದಿದ ಟೋಸ್ಟು, ಖಾರಿ ಇಲ್ಲವೆ ಬಿಸ್ಕೀಟು. ಮಧ್ಯಾಹ್ನ ಅತ್ತರೆ ಓಣಿಯ ಕಿರಾಣಿ ಅಂಗಡಿಯಿಂದ ತಂದ 5 ರೂಪಾಯಿಯ ಕುರುಕಲು ಪೊಟ್ಟಣ. ಪ್ರೀತಿಯಿಂದಲೇ ಕೊಡುತ್ತೇವೆ, ನಿಜ. ಆದರೆ ಆ ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಿ ನೋಡಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಬಹುಪಾಲು ಬಿಸ್ಕೀಟುಗಳ ಪೊಟ್ಟಣದಲ್ಲಿ ಮೊದಲು ಬರುವ ಹೆಸರುಗಳು ಮೈದಾ, ಸಕ್ಕರೆ, ತಾಳೆ ಎಣ್ಣೆ. ಅಂದರೆ ಮಗುವಿನ ಸಣ್ಣ ಹೊಟ್ಟೆಯನ್ನು ತುಂಬಿಸುವ ಈ ಪದಾರ್ಥಗಳು ಅದರ ಮೈಗೆ ರಕ್ತವನ್ನಾಗಲಿ, ಎಲುಬಿಗೆ ಬಲವನ್ನಾಗಲಿ ಕೊಡುವಂಥವಲ್ಲ. ಹೊಟ್ಟೆ ತುಂಬಿದ ಮಗು ಮುಂದಿನ ಊಟವನ್ನು ಬೇಡವೆನ್ನುತ್ತದೆ. 'ನಮ್ಮ ಮಗು ಏನೂ ತಿನ್ನುವುದಿಲ್ಲ' ಎಂಬ ತಾಯಂದಿರ ದೂರಿನ ಮೂಲ ಅನೇಕ ಸಲ ಇಲ್ಲಿಯೇ ಇರುತ್ತದೆ.

ಈ ಮಾತು ಹಗುರಾದುದಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ನಮ್ಮ ರಾಜ್ಯದಲ್ಲಿ 2019ರಲ್ಲಿ ನಡೆಯಿತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಕ್ಕಳು ರಕ್ತಹೀನತೆಯಿಂದ ಬಳಲುತ್ತಿರುವರೆಂದು ಅದು ತಿಳಿಸಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮೂವರಲ್ಲಿ ಇಬ್ಬರಿಗೆ ರಕ್ತ ಕಡಿಮೆ ಎಂದ ಮೇಲೆ ಇದು ಬಡವರ ಗುಡಿಸಲಿಗೆ ಮಾತ್ರ ಸೇರಿದ ಸಂಗತಿಯೆಂದು ಸುಮ್ಮನಿರಲಾಗದು. ನೀರಾವರಿ ಹೊಲ, ಹೈನು, ಟ್ರ್ಯಾಕ್ಟರು ಉಳ್ಳ ಮನೆಯ ಮಗುವೂ ಆ ಲೆಕ್ಕದಲ್ಲಿರಬಹುದು.

ಸಸ್ಯಾಹಾರವನ್ನೇ ನೇಮವಾಗಿ ಇಟ್ಟುಕೊಂಡು ಬಂದ ನಮ್ಮ ಕುಟುಂಬಗಳಲ್ಲಂತೂ ಈ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಮೊಟ್ಟೆ-ಮಾಂಸ ಮುಟ್ಟದ ಮನೆಯ ಮಗುವಿಗೆ ಕಬ್ಬಿಣದ ಅಂಶವು ಬೇಳೆಕಾಳು, ತಪ್ಪಲುಪಲ್ಲೆ, ಎಳ್ಳು-ಗುರೆಳ್ಳು ಹಾಗೂ ಜೋಳ-ಸಜ್ಜೆಗಳಿಂದಲೇ ಬರಬೇಕು. ಸಸ್ಯಮೂಲದ ಈ ಕಬ್ಬಿಣವನ್ನು ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಜೊತೆಗೆ ನಿಂಬೆ, ನೆಲ್ಲಿ, ಪೇರಲದಂಥ ಹುಳಿಹಣ್ಣಿನ ಸತ್ವವಿದ್ದರೆ ಅದು ಹೆಚ್ಚು ಮೈಗೂಡುತ್ತದೆ. ಚಹಾ ಇದ್ದರೆ ಅದರ ಒಗರು ಅಂಶವು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಹೀಗಿರುವಾಗ ಎಳೆಯ ಮಗುವಿನ ಬೆಳಗನ್ನು ಚಹಾ-ಟೋಸ್ಟಿನಿಂದ ಆರಂಭಿಸುವುದೆಂದರೆ ಕೊಡದ ಮೇಲೆ ಕಸಿದುಕೊಂಡಂತೆಯೇ ಸರಿ.

ಹಾಗಾದರೆ ಮಗುವಿನ ಕೈಗೆ ಏನು ಕೊಡಬೇಕು? ನಮ್ಮದೇ ಹೊಲ-ಹಿತ್ತಲಿನ ಕಾಯಿಪಲ್ಲೆಯನ್ನು, ನಮ್ಮದೇ ಬೇಳೆ-ಹಿಟ್ಟಿನೊಡನೆ ಕೂಡಿಸಿ, ಬೆರಳಿನಷ್ಟು ಉದ್ದದ ತುಣುಕುಗಳಾಗಿ ಮಾಡಿ, ಎಣ್ಣೆಯಲ್ಲಿ ಕರಿಯದೆ ಸುಟ್ಟು ಕೊಡಬಹುದು. ಅದರ ರೀತಿಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತನ್ನ ಕೈಯಿಂದ ತಾನೇ ತಿನ್ನಲಿ

ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಎದೆಹಾಲೊಂದೇ ಸಾಕು. ಆಮೇಲೆ ಎದೆಹಾಲಿನೊಂದಿಗೆ ಮೆತ್ತಗೆ ನುರಿದ ಅನ್ನ, ಬೇಳೆ, ಬೇಯಿಸಿದ ಕಾಯಿಪಲ್ಲೆ. ಸುಮಾರು ಎಂಟು ತಿಂಗಳ ಹೊತ್ತಿಗೆ ಮಗು ಆಸರೆಯಿಲ್ಲದೆ ಕೂಡಬಲ್ಲದು, ಕಂಡ ವಸ್ತುವನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒಯ್ಯಬಲ್ಲದು. ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತಿನಿಸಿಗೆ ಇದೇ ತಕ್ಕ ಸಮಯ. ಒಂದು ವರ್ಷ ತುಂಬಿದ ಮೇಲೆ, ಖಾರ-ಉಪ್ಪು ಕಡಿಮೆ ಮಾಡಿ, ಮನೆಯವರೆಲ್ಲರೂ ಉಣ್ಣುವುದನ್ನೇ ಮಗುವೂ ಉಣ್ಣಬಹುದು. ಎದೆಹಾಲನ್ನು ಎರಡು ವರ್ಷದವರೆಗೂ, ಅದರಾಚೆಗೂ ಮುಂದುವರಿಸುವುದು ಒಳ್ಳೆಯದು.

ಹತ್ತು ತಿಂಗಳು ಕಳೆದರೂ ಬರಿಯ ನುಣ್ಣಗಿನ ಗಂಜಿಯನ್ನೇ ಕುಡಿಸುತ್ತ ಹೋದರೆ ಮಗು ಅಗಿಯುವುದನ್ನು ಕಲಿಯಲು ತಡಮಾಡುತ್ತದೆ. ಮುಂದೆ ಗಟ್ಟಿ ಆಹಾರ ಕಂಡರೆ ಮುಖ ತಿರುಗಿಸುವುದುಂಟು. ಹಲ್ಲು ಬಂದಿಲ್ಲವೆಂದು ಹಿರಿಯರು ಹಿಂಜರಿಯುವುದು ಸಹಜ. ಆದರೆ ಕೂಸಿನ ಒಸಡು ಮೆತ್ತನೆಯ ತುಣುಕನ್ನು ನುರಿಯಲು ಸಾಕಷ್ಟು ಗಟ್ಟಿಯಾಗಿರುತ್ತದೆ. ತನ್ನ ಕೈಯಿಂದ ಹಿಡಿದು, ನೋಡಿ, ಮೂಸಿ, ಕಚ್ಚಿ ತಿಂದ ಮಗುವಿಗೆ ಬೆರಳುಗಳ ಹಿಡಿತವೂ ಬರುತ್ತದೆ, ಹೊಟ್ಟೆ ತುಂಬಿತೆಂಬ ಅರಿವೂ ಬರುತ್ತದೆ.

ಹೊಸ ಕಾಯಿಪಲ್ಲೆಯನ್ನು ಮಗು ಮೊದಲ ಸಲ ಉಗುಳಿದರೆ ನಿರಾಶೆ ಬೇಡ. ಎಂಟು-ಹತ್ತು ಸಲ ಬೇರೆ ಬೇರೆ ದಿನ ಮುಂದಿಟ್ಟ ಮೇಲೆ ಒಪ್ಪಿಕೊಳ್ಳುವ ಮಕ್ಕಳು ಬಹಳ. ಒತ್ತಾಯ ಮಾಡಿ ತುರುಕಿದರೆ ಆ ಪದಾರ್ಥದ ಮೇಲೆ ಹಗೆ ಬೆಳೆಯುತ್ತದೆ. ಆಹಾರವನ್ನು ಪ್ರಸಾದವೆಂದು ಸ್ವೀಕರಿಸಿ, ತಾಟಿನಲ್ಲಿ ಅಗುಳನ್ನೂ ಬಿಡದ ಶಿಸ್ತು ನಮ್ಮ ಮನೆಗಳದು. ಎಳೆಯ ಮಗುವಿನ ವಿಷಯದಲ್ಲಿ ಈ ಶಿಸ್ತನ್ನು ಪಾಲಿಸುವ ದಾರಿ ಒಂದೇ: ಒಂದು ಸಲಕ್ಕೆ ಒಂದೇ ತುಣುಕು ಕೊಡುವುದು, ಕೇಳಿದರೆ ಇನ್ನೊಂದು ಕೊಡುವುದು.

ಸಕ್ಕರೆಯ ಸೀಮೆಯಲ್ಲಿ ಒಂದು ಮಾತು

ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರುಂಡ ನಮ್ಮ ಸೀಮೆ ಕಬ್ಬಿನ ಸೀಮೆ. ಚಿಕ್ಕೋಡಿಯಿಂದ ಉಗಾರದವರೆಗೆ ಸಕ್ಕರೆ ಕಾರಖಾನೆಗಳಿವೆ. ಗಾಣ ಹೂಡಿ ಬೆಲ್ಲ ಕಾಯಿಸಿದ ಮನೆತನಗಳೂ ಇವೆ. ಸಿಹಿ ನಮಗೆ ಬದುಕನ್ನು ಕೊಟ್ಟಿದೆ. ಆದರೂ ಎರಡು ವರ್ಷದೊಳಗಿನ ಮಗುವಿನ ಆಹಾರಕ್ಕೆ ಬೇರೆಯಾಗಿ ಸಕ್ಕರೆ ಸೇರಿಸಬಾರದೆಂಬುದು ಇಂದಿನ ಮಕ್ಕಳ ವೈದ್ಯರ ಒಮ್ಮತದ ಸಲಹೆ. ಹಾಲುಹಲ್ಲು ಹುಳುಕಾಗುವುದೂ, ಸಿಹಿಯಿಲ್ಲದ್ದು ರುಚಿಸದಂತಾಗುವುದೂ ಈ ವಯಸ್ಸಿನ ರೂಢಿಯಿಂದಲೇ.

'ಬೆಲ್ಲ ಕೊಟ್ಟರೆ ರಕ್ತ ಆಗುತ್ತದೆ' ಎಂಬ ನಂಬಿಕೆ ಬಲವಾಗಿದೆ. ಬೆಲ್ಲದಲ್ಲಿ ಕಬ್ಬಿಣದ ಅಂಶ ಸ್ವಲ್ಪ ಇದೆ; ಆದರೆ ಮಗು ತಿನ್ನುವ ಚೂರು ಬೆಲ್ಲದಿಂದ ಅದರ ಅಗತ್ಯ ತುಂಬುವುದಿಲ್ಲ. ತುಂಬುವಷ್ಟು ತಿಂದರೆ ಸಕ್ಕರೆಯ ದೋಷಗಳೆಲ್ಲ ಬಂದೇ ಬರುತ್ತವೆ. ಜೇನುತುಪ್ಪವನ್ನಂತೂ ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಲೇಬಾರದು; ಅದರಲ್ಲಿರಬಹುದಾದ ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡುವ ಅಪಾಯವಿದೆ. ಗೆಣಸು, ಗಜ್ಜರಿ, ಕುಂಬಳಕಾಯಿಗಳನ್ನು ಸುಟ್ಟಾಗ ಅವುಗಳ ಒಳಗಿನ ಸಿಹಿ ತಾನಾಗಿಯೇ ಮೇಲೇಳುತ್ತದೆ. ಮಗುವಿನ ನಾಲಿಗೆಗೆ ಅಷ್ಟು ಸಿಹಿ ಸಾಕು.

ಸುಡುವ ವಿದ್ಯೆ ನಮಗೆ ಹೊಸದಲ್ಲ

ಭಟ್ಟಿ, ಓವನ್ನು ಎಂದೊಡನೆ ಇದು ಪಟ್ಟಣದವರ ಅಡುಗೆ ಎಂದು ಪುಟ ತಿರುವಬಾರದು. ರೊಟ್ಟಿಯನ್ನು ನಾವು 'ಸುಡುತ್ತೇವೆ'. ಕೆಂಡದಲ್ಲಿ ಬದನೆಕಾಯಿ ಸುಟ್ಟು ಬಜ್ಜಿ ಮಾಡುತ್ತೇವೆ, ಬೂದಿಯಲ್ಲಿ ಗೆಣಸು ಹುಗಿದು ಸುಡುತ್ತೇವೆ. ತಿಂಗಳುಗಟ್ಟಲೆ ಬಾಳುವ ಖಡಕ್ ರೊಟ್ಟಿ ಒಣಶಾಖದಲ್ಲಿ ಬೆಂದ ತಿನಿಸೇ. ದೀಪಾವಳಿಯ ಮುನ್ನ ಹಿಟ್ಟು, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ಊರ ಬೇಕರಿಯ ಭಟ್ಟಿಗೆ ಹೋಗಿ ನಾನಕಟಾಯಿ ಮಾಡಿಸಿಕೊಂಡು ಬರುವ ರೂಢಿ ಈ ಗಡಿಭಾಗದ ಅನೇಕ ಮನೆಗಳಿಗೆ ಗೊತ್ತು. ಅದೇ ವಿದ್ಯೆಯನ್ನು ಮೈದಾ-ಸಕ್ಕರೆಯ ಬದಲು ಬೇಳೆ-ಕಾಯಿಪಲ್ಲೆಗೆ ತಿರುಗಿಸಬೇಕಾಗಿದೆ, ಅಷ್ಟೆ. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಹಂಚು. ದಪ್ಪ ಹಂಚಿಗೆ ಅರ್ಧ ಚಮಚ ಎಣ್ಣೆ ಸವರಿ, ತುಣುಕುಗಳನ್ನಿಟ್ಟು, ಮೇಲೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೆ ಏಳೆಂಟು ನಿಮಿಷ ಬೇಯಿಸುವುದು. ಮುಚ್ಚಳದೊಳಗಿನ ಹಬೆಯಿಂದ ಒಳಗೆ ಮೆತ್ತಗಾಗುತ್ತದೆ, ಹಂಚಿನ ಶಾಖದಿಂದ ಹೊರಗೆ ಬಣ್ಣ ಬರುತ್ತದೆ.

ಎರಡನೆಯದು ಮರಳಿನ ಪಾತ್ರೆ. ನಿತ್ಯ ಬಳಸದ ಹಳೆಯ ದಪ್ಪತಳದ ಪಾತ್ರೆಯಲ್ಲಿ ಒಂದು ಅಂಗುಲ ಎತ್ತರಕ್ಕೆ ತೊಳೆದು ಒಣಗಿಸಿದ ಮರಳು ಹರಡಿ, ನಡುವೆ ಒಂದು ಸಿಂಬಿ ಅಥವಾ ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಬಳಿಕ ತುಣುಕುಗಳನ್ನು ಜೋಡಿಸಿದ ಸ್ಟೀಲಿನ ತಾಟನ್ನು ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬೇಯಿಸಬೇಕು. ಹಳೆಯ ಕುಕ್ಕರನ್ನೇ ಬಳಸುವುದಾದರೆ ಮುಚ್ಚಳದ ರಬ್ಬರು ಮತ್ತು ಸೀಟಿಯನ್ನು ಕಡ್ಡಾಯವಾಗಿ ತೆಗೆದಿರಬೇಕು.

ಮೂರನೆಯದು ವಿದ್ಯುತ್ ಓವನ್ನು. ಇದ್ದವರು 180 ಡಿಗ್ರಿ ಸೆಂಟಿಗ್ರೇಡಿಗೆ ಹತ್ತು ನಿಮಿಷ ಮೊದಲೇ ಕಾಯಿಸಿಟ್ಟು, 20ರಿಂದ 25 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗ್ಗುಲು ಬದಲಿಸಿದರೆ ಆಯಿತು.

ಯಾವ ದಾರಿಯಾದರೂ ಬಣ್ಣದ ಮೇಲೆ ಕಣ್ಣಿರಲಿ. ಬಟಾಟೆ, ಗೆಣಸು, ಹಿಟ್ಟಿನ ಪದಾರ್ಥಗಳನ್ನು ಹೆಚ್ಚಿನ ಶಾಖದಲ್ಲಿ ಕರಿದಾಗ ಅಥವಾ ಸುಟ್ಟಾಗ ಅಕ್ರಿಲಮೈಡ್ ಎಂಬ ಬೇಡದ ಪದಾರ್ಥವೊಂದು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ಜಗತ್ತಿಗೆ ತಿಳಿಸಿದರು. ಬಣ್ಣ ಕಪ್ಪಾದಷ್ಟೂ ಅದು ಹೆಚ್ಚು. ಆದ್ದರಿಂದ ಹೊಂಬಣ್ಣ ಸಾಕು, ಕರಕು ಬೇಡ.

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಕರಿಯಬಾರದೆಂದರೆ ಮಗುವಿಗೆ ಎಣ್ಣೆ-ತುಪ್ಪವೇ ಬೇಡವೆಂದು ಅರ್ಥವಲ್ಲ. ಎರಡು ವರ್ಷದೊಳಗಿನ ಮಗುವಿನ ಮೆದುಳು ವೇಗವಾಗಿ ಬೆಳೆಯುತ್ತಿರುತ್ತದೆ. ಅದಕ್ಕೆ ಜಿಡ್ಡು ಬೇಕೇ ಬೇಕು. ಗಜ್ಜರಿ-ಕುಂಬಳಗಳಲ್ಲಿನ ಎ ಜೀವಸತ್ವದ ಮೂಲವಸ್ತು ಮೈಗೆ ಹತ್ತುವುದೂ ಜಿಡ್ಡಿನ ಜೊತೆಗಿದ್ದಾಗಲೇ. ಬೇಡವಾದುದು ಮತ್ತೆ ಮತ್ತೆ ಕಾಯಿಸಿ ಕಪ್ಪಾದ ಕಡಾಯಿಯ ಎಣ್ಣೆ. ಮನೆಯ ತುಪ್ಪ, ಶೇಂಗಾ ಎಣ್ಣೆ, ಕುಸುಬೆ ಎಣ್ಣೆಗಳನ್ನು ಚಮಚದ ಅಳತೆಯಲ್ಲಿ ಹಾಕಿದರೆ ಮಗುವಿಗೆ ಹಿತವೇ.

ಐದು ತಿನಿಸುಗಳು

ಒಂದು ವರ್ಷದೊಳಗಿನ ಕೂಸಿಗೆ ಮಾಡುವಾಗ ಉಪ್ಪು ಹಾಕುವುದು ಬೇಡ. ಅದಕ್ಕೆ ಮೇಲ್ಪಟ್ಟವರಿಗೆ ಚಿಟಿಕೆಯಷ್ಟು ಸಾಕು. ಹಸಿಮೆಣಸಿನಕಾಯಿ, ಖಾರಪುಡಿ ಯಾವುದರಲ್ಲೂ ಬೇಡ.

1. ಗೆಣಸಿನ ಕಡ್ಡಿ (ಎಂಟು ತಿಂಗಳಿನಿಂದ)

ಬೇಕಾಗುವ ಸಾಮಗ್ರಿ: ಮಧ್ಯಮ ಗಾತ್ರದ ಗೆಣಸು ಎರಡು, ತುಪ್ಪ ಒಂದು ಚಮಚ, ಹುರಿದು ಕುಟ್ಟಿದ ಜೀರಿಗೆ ಪುಡಿ ಚಿಟಿಕೆಯಷ್ಟು.

ಮಾಡುವ ವಿಧಾನ: ಗೆಣಸನ್ನು ಮಣ್ಣು ಹೋಗುವಂತೆ ತಿಕ್ಕಿ ತೊಳೆದು ಸಿಪ್ಪೆ ತೆಗೆಯಬೇಕು. ಹಿರಿಯರ ಬೆರಳಿನಷ್ಟು ಉದ್ದ-ದಪ್ಪದ ಕಡ್ಡಿಗಳಾಗಿ ಕತ್ತರಿಸಿ, ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ, ತುಪ್ಪ ಮತ್ತು ಜೀರಿಗೆ ಪುಡಿ ಸವರಿ ಸುಡಬೇಕು. ಮೊದಲು ಹಬೆಯಲ್ಲಿ ಬೆಂದಿರುವುದರಿಂದ ಒಳಗೆ ಬೆಣ್ಣೆಯಂತೆ ಮೆತ್ತಗಿರುತ್ತದೆ.

ಬೆಳಗಾವಿ, ಖಾನಾಪುರ ಭಾಗದ ಗೆಣಸು ದೂರದ ಪೇಟೆಗಳಿಗೂ ಹೋಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಅದರ ನೆನಪಾಗುವುದು ಶಿವರಾತ್ರಿಯ ಉಪವಾಸದಂದು ಮಾತ್ರ. ಪೇಟೆಯಲ್ಲಿ ಗೆಣಸು ಸಿಗುವಷ್ಟು ದಿನವೂ ಅದು ಮಗುವಿನ ತಾಟಿನಲ್ಲಿರಲಿ. ಒಳತಿರುಳು ಬಿಳಿಯಿರುವ ಗೆಣಸಿನಲ್ಲಿ ಎ ಜೀವಸತ್ವದ ಅಂಶ ಕಡಿಮೆ. ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಹೇರಳ. ಕಿತ್ತಳೆ ತಿರುಳಿನದು ಸಿಗದಿದ್ದರೆ ಬಿಳಿ ಗೆಣಸಿನ ಜೊತೆಗೆ ಅದೇ ರೀತಿಯಲ್ಲಿ ಗಜ್ಜರಿಯ ಕಡ್ಡಿಯನ್ನೂ ಮಾಡಬಹುದು. ಗಜ್ಜರಿ ಗಟ್ಟಿಯಾದುದರಿಂದ ಹಬೆಯಲ್ಲಿ ಹತ್ತು-ಹನ್ನೆರಡು ನಿಮಿಷವಾದರೂ ಬೇಯಬೇಕು.

2. ಹೆಸರುಬೇಳೆ-ರಾಜಗಿರಿ ಬೆರಳು (ಒಂಬತ್ತು-ಹತ್ತು ತಿಂಗಳಿನಿಂದ)

ಬೇಕಾಗುವ ಸಾಮಗ್ರಿ: ಹೆಸರುಬೇಳೆ ಒಂದು ಬಟ್ಟಲು, ಸಣ್ಣಗೆ ಹೆಚ್ಚಿದ ಎಳೆಯ ರಾಜಗಿರಿ ಪಲ್ಲೆ ಅರ್ಧ ಬಟ್ಟಲು, ತುರಿದ ಗಜ್ಜರಿ ಅರ್ಧ ಬಟ್ಟಲು, ಜೋಳದ ಹಿಟ್ಟು ಎರಡು ದೊಡ್ಡ ಚಮಚ, ಎಣ್ಣೆ ಎರಡು ಚಮಚ, ಜೀರಿಗೆ, ಅರಿಸಿನ ಚಿಟಿಕೆಯಷ್ಟು.

ಮಾಡುವ ವಿಧಾನ: ಬೇಳೆಯನ್ನು ಮೂರು-ನಾಲ್ಕು ತಾಸು ನೆನೆಹಾಕಿ, ನೀರು ಪೂರ್ತಿ ಬಸಿದು, ಬೇರೆ ನೀರು ಸೇರಿಸದೆ ರುಬ್ಬಬೇಕು. ಉಳಿದ ಸಾಮಗ್ರಿಗಳನ್ನೆಲ್ಲ ಸೇರಿಸಿ ಕಲಸಿದಾಗ ಕೈಯಲ್ಲಿ ನಿಲ್ಲುವಂತಿರಬೇಕು. ಸಡಿಲವಾದರೆ ಇನ್ನೊಂದು ಚಮಚ ಜೋಳದ ಹಿಟ್ಟು. ಅಂಗೈಗೆ ಎಣ್ಣೆ ಹಚ್ಚಿಕೊಂಡು ಬೆರಳಿನಾಕಾರಕ್ಕೆ ಮಾಡಿ ಸುಡಬೇಕು. ಕೊಡುವ ಮುನ್ನ ಮೇಲೆ ಎರಡು ಹನಿ ನಿಂಬೆರಸ ಹಿಂಡಬೇಕು. ಶಾಖಕ್ಕೆ ಸಿ ಜೀವಸತ್ವ ನಶಿಸುವುದರಿಂದ ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು.

ಬೇಳೆಯೂ ಜೋಳವೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿ ಮಗುವಿಗೆ ಉತ್ತಮ ಸಸಾರಜನಕ ಸಿಗುತ್ತದೆ. ರೊಟ್ಟಿಯ ಜೊತೆಗೆ ಬೇಳೆ ಉಣ್ಣುವ ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಕೂಸಿನ ಕೈಗೆ ತಕ್ಕ ರೂಪ ಪಡೆದಿದೆ. ರಾಜಗಿರಿ ಇಲ್ಲದಾಗ ಪಾಲಕ ಇಲ್ಲವೆ ಎಳೆಯ ಮೆಂತ್ಯೆಯನ್ನು ಬಳಸಬಹುದು. ಮೆಂತ್ಯೆ ಕಹಿಯಾದುದರಿಂದ ಮೊದಮೊದಲು ಒಂದು ಹಿಡಿಗಿಂತ ಹೆಚ್ಚು ಬೇಡ.

3. ಕುಂಬಳಕಾಯಿ ತಾಲಿಪಟ್ಟಿಯ ಪಟ್ಟಿಗಳು (ಹತ್ತು ತಿಂಗಳಿನಿಂದ)

ಬೇಕಾಗುವ ಸಾಮಗ್ರಿ: ತುರಿದ ಸಿಹಿಗುಂಬಳ ಒಂದು ಬಟ್ಟಲು, ಜೋಳದ ಹಿಟ್ಟು ಒಂದು ಬಟ್ಟಲು, ಕಡಲೆಹಿಟ್ಟು ಎರಡು ದೊಡ್ಡ ಚಮಚ, ಹುರಿದು ನುಣ್ಣಗೆ ಕುಟ್ಟಿದ ಗುರೆಳ್ಳು ಅಥವಾ ಎಳ್ಳಿನ ಪುಡಿ ಒಂದು ಚಮಚ, ಓಂಕಾಳು ಚಿಟಿಕೆಯಷ್ಟು, ತುಪ್ಪ.

ಮಾಡುವ ವಿಧಾನ: ಎಲ್ಲವನ್ನೂ ಕೂಡಿಸಿ ಹತ್ತು ನಿಮಿಷ ಬಿಟ್ಟರೆ ಕುಂಬಳಕಾಯಿಯೇ ನೀರು ಬಿಡುತ್ತದೆ. ಸಾಲದಿದ್ದರೆ ಮಾತ್ರ ಬಿಸಿನೀರು ಚಿಮುಕಿಸಿ ನಾದಬೇಕು. ಒದ್ದೆ ಬಟ್ಟೆಯ ಮೇಲೆ ತಟ್ಟಿ, ತುಪ್ಪ ಸವರಿದ ಹಂಚಿಗೆ ಹಾಕಿ, ಮುಚ್ಚಿ ಎರಡೂ ಮಗ್ಗುಲು ಬೇಯಿಸಬೇಕು. ತುಸು ಆರಿದ ಮೇಲೆ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಕೊಡಬೇಕು. ತಾಲಿಪಟ್ಟಿ ತೆಳುವಾದರೆ ಒಣಗಿ ಬಿರುಸಾಗುತ್ತದೆ. ಮಕ್ಕಳಿಗಾಗಿ ಸ್ವಲ್ಪ ದಪ್ಪವಾಗಿಯೇ ತಟ್ಟಬೇಕು. ಮಳೆ ಕಡಿಮೆಯಿರುವ ಅಥಣಿಯ ಮೂಡಣ ಊರುಗಳಲ್ಲಿ ಬೇಸಿಗೆಯ ಹೊತ್ತಿಗೆ ಹಸಿ ಪಲ್ಲೆ ಅಪರೂಪವಾಗುವುದುಂಟು. ಅಟ್ಟದ ಮೇಲೆ ಕಾದಿಟ್ಟ ಕುಂಬಳಕಾಯಿ ಆಗ ಕೈಹಿಡಿಯುತ್ತದೆ.

4. ಕರಿಯದ ಕೋತಂಬರಿ ವಡಿ (ಒಂದು ವರ್ಷದಿಂದ)

ಬೇಕಾಗುವ ಸಾಮಗ್ರಿ: ಸಣ್ಣಗೆ ಹೆಚ್ಚಿದ ಕೋತಂಬರಿ ಎರಡು ಬಟ್ಟಲು, ಕಡಲೆಹಿಟ್ಟು ಒಂದು ಬಟ್ಟಲು, ಮೊಸರು ಎರಡು ದೊಡ್ಡ ಚಮಚ, ಎಳ್ಳು ಒಂದು ಚಮಚ, ಜೀರಿಗೆ, ಅರಿಸಿನ, ಎಣ್ಣೆ ಎರಡು ಚಮಚ.

ಮಾಡುವ ವಿಧಾನ: ಗಡಿನಾಡಿನ ನಮ್ಮ ಮನೆಗಳಲ್ಲಿ ಈ ವಡಿಯನ್ನು ಹಬೆಯಲ್ಲಿ ಬೇಯಿಸಿ ಬಳಿಕ ಎಣ್ಣೆಯಲ್ಲಿ ಕರಿಯುವುದು ವಾಡಿಕೆ. ಮಕ್ಕಳಿಗೆ ಮಾಡುವಾಗ ಮೊದಲ ಅರ್ಧ ಹಾಗೆಯೇ ಇರಲಿ: ಎಲ್ಲ ಸಾಮಗ್ರಿ ಕೂಡಿಸಿ, ಬೇಕಾದಷ್ಟೇ ನೀರು ಹಾಕಿ ಮೆತ್ತಗೆ ನಾದಿ, ಎಣ್ಣೆ ಹಚ್ಚಿದ ಪಾತ್ರೆಯಲ್ಲಿಟ್ಟು 15ರಿಂದ 20 ನಿಮಿಷ ಹಬೆಯಲ್ಲಿ ಬೇಯಿಸಬೇಕು. ಆರಿದ ಮೇಲೆ ಬೆರಳಿನಾಕಾರಕ್ಕೆ ಕತ್ತರಿಸಿ, ಎಣ್ಣೆ ಸವರಿ ಹಂಚಿನ ಮೇಲೆ ಅಥವಾ ಓವನ್ನಿನಲ್ಲಿ ಹತ್ತು-ಹನ್ನೆರಡು ನಿಮಿಷ ಸುಟ್ಟರೆ ಹೊರಗೆ ಗರಿಮುರಿ, ಒಳಗೆ ಮೆತ್ತಗೆ. ಹಿರಿಯರಿಗೂ ಇದೇ ತಾಟಿನಿಂದ ಬಡಿಸಬಹುದು.

5. ನುಗ್ಗೆಸೊಪ್ಪಿನ ಬಿಲ್ಲೆ (ಒಂದು ವರ್ಷದಿಂದ)

ಬೇಕಾಗುವ ಸಾಮಗ್ರಿ: ಬೇಯಿಸಿದ ಬಟಾಟೆ ಎರಡು, ದಂಟು ಬಿಡಿಸಿದ ಎಳೆಯ ನುಗ್ಗೆಸೊಪ್ಪು ಅರ್ಧ ಬಟ್ಟಲು, ಹುರಿದ ಶೇಂಗಾದ ನುಣುಪಾದ ಪುಡಿ ಎರಡು ದೊಡ್ಡ ಚಮಚ, ಜೋಳದ ಹಿಟ್ಟು ಎರಡು ದೊಡ್ಡ ಚಮಚ, ಎಣ್ಣೆ.

ಮಾಡುವ ವಿಧಾನ: ನುಗ್ಗೆಸೊಪ್ಪನ್ನು ಹೆಚ್ಚಿ ಹಬೆಯಲ್ಲಿ ಮೂರು-ನಾಲ್ಕು ನಿಮಿಷ ಬಾಡಿಸಿ, ನುರಿದ ಬಟಾಟೆಯೊಂದಿಗೆ ಉಳಿದೆಲ್ಲವನ್ನೂ ಕೂಡಿಸಿ, ಚಿಕ್ಕ ಚಪ್ಪಟೆ ಬಿಲ್ಲೆಗಳನ್ನು ಮಾಡಿ ಸುಡಬೇಕು. ಶೇಂಗಾವನ್ನು ಮಗುವಿಗೆ ಮೊದಲ ಸಲ ಕೊಡುವಾಗ ಬಿಲ್ಲೆಯ ಒಂದು ಚೂರಿನಿಂದಲೇ ಆರಂಭಿಸಿ, ಮೈಮೇಲೆ ದದ್ದು, ತುಟಿ ಊತ, ಉಬ್ಬಸ ಕಾಣುವುದೇ ಎಂದು ನೋಡಬೇಕು. ಕಂಡರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಹಿತ್ತಲಲ್ಲಿ ನುಗ್ಗೆಮರ ಬೆಳೆಸಿಕೊಂಡು ಸೊಪ್ಪನ್ನು ದನಕ್ಕೆ ಹಾಕುವ ಮನೆಗಳು ಇನ್ನಾದರೂ ಅದರಲ್ಲಿ ಒಂದು ಹಿಡಿಯನ್ನು ಮಗುವಿಗೆ ಉಳಿಸಲಿ.

ಗಂಟಲಿನ ಎಚ್ಚರ

ತಿನಿಸು ಎಷ್ಟೇ ಸತ್ವಯುತವಾಗಿರಲಿ, ಗಂಟಲಲ್ಲಿ ಸಿಕ್ಕಿಕೊಂಡರೆ ಅಪಾಯವೇ. ಪ್ರತಿಯೊಂದು ತುಣುಕನ್ನೂ ಕೊಡುವ ಮುನ್ನ ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತಿ ನೋಡಬೇಕು. ಸುಲಭವಾಗಿ ಹಿಚುಕಿದರೆ ಮಾತ್ರ ಅದು ಮಗುವಿಗೆ ಯೋಗ್ಯ. ಇಡೀ ಶೇಂಗಾ, ಪುಟಾಣಿ, ಹಸಿ ಗಜ್ಜರಿಯ ಚೂರು, ಇಡೀ ದ್ರಾಕ್ಷಿ, ಖಡಕ್ ರೊಟ್ಟಿಯ ಚೂಪಾದ ತುಂಡು ಇವು ಎಳೆಯ ಮಕ್ಕಳಿಗೆ ಸಲ್ಲವು. ಮಗು ನೆಟ್ಟಗೆ ಕುಳಿತೇ ತಿನ್ನಬೇಕು. ಮಲಗಿ, ಓಡಾಡಿ, ಅಳುತ್ತ ತಿನ್ನಬಾರದು. ದೊಡ್ಡವರೊಬ್ಬರು ಎದುರಿಗೇ ಇರಬೇಕು. ಅಣ್ಣ-ಅಕ್ಕಂದಿರಾದ ಚಿಕ್ಕ ಮಕ್ಕಳ ಕೈಗೆ ಈ ಹೊಣೆ ಬೇಡ.

ಹೊಸದಾಗಿ ಕಲಿಯುವ ಕೂಸು ಆಗಾಗ ಓಕರಿಸಿ ತುತ್ತನ್ನು ಮುಂದಕ್ಕೆ ತಂದುಕೊಳ್ಳುವುದು ಸಹಜ. ಆದರೆ ಕೆಮ್ಮಲಾರದೆ, ದನಿ ಹೊರಡದೆ, ಮುಖ ನೀಲಿಗಟ್ಟಿದರೆ ಒಂದು ಕ್ಷಣವನ್ನೂ ಕಳೆಯಬಾರದು. ಒಂದು ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈಯ ಮೇಲೆ ಬೋರಲಾಗಿ ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಬೇಕು. ಹೋಗದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುಭಾಗವನ್ನು ಐದು ಸಲ ಒತ್ತಬೇಕು. ತುತ್ತು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು. ಅದಕ್ಕೆ ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಹೊಡೆತ, ಬಳಿಕ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ತುತ್ತು ಕಾಣದೆ ಗಂಟಲಿಗೆ ಬೆರಳು ತೂರಿಸಬಾರದು. ಅದು ಇನ್ನೂ ಒಳಗೆ ಹೋಗುತ್ತದೆ. ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಬೇಕು. ಈ ಕ್ರಮವನ್ನು ಮನೆಯ ಹಿರಿಯರೂ ತಿಳಿದಿರಬೇಕು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರೇ ಅಲ್ಲವೆ?

ಕಾಯಿಪಲ್ಲೆಯ ತಿನಿಸು ಬಿಸ್ಕೀಟಿನಂತೆ ದಿನಗಟ್ಟಲೆ ಬಾಳುವುದಿಲ್ಲ. ಬೇಸಿಗೆಯಲ್ಲಿ ಹೊರಗಿಟ್ಟು ಎರಡು ತಾಸು ಮೀರಿದ ತುಣುಕನ್ನು ಕೂಸಿಗೆ ಕೊಡಬಾರದು. ಶೀತಪೆಟ್ಟಿಗೆ ಇದ್ದವರು ಮುಚ್ಚಿಟ್ಟು ಮರುದಿನದವರೆಗೆ ಬಳಸಬಹುದು. ಚೆನ್ನಾಗಿ ಬಿಸಿಮಾಡಿ, ಆರಿಸಿ ಕೊಡಬೇಕು. ಮಾಡುವವರ ಕೈ, ತಿನ್ನುವ ಮಗುವಿನ ಕೈ ಎರಡನ್ನೂ ಸಾಬೂನಿನಿಂದ ತೊಳೆದಿರಬೇಕು. ತಪ್ಪಲುಪಲ್ಲೆಗೆ ಔಷಧ ಸಿಂಪಡಿಸಿರುವ ಸಂಭವವಿರುವುದರಿಂದ ಮೂರು ನೀರಿನಲ್ಲಿ ತೊಳೆಯುವುದು ಕ್ಷೇಮ.

ದುಡಿಯುವ ತಾಯಿಗೆ ಬಿಡುವೆಲ್ಲಿ?

ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ ಎಂದು ತಾಯಂದಿರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದು. ನಿಪ್ಪಾಣಿಯ ತಾಯಿ ಬೀಡಿ ಕಟ್ಟುತ್ತಾಳೆ, ತಂಬಾಕಿನ ವಖಾರಿಗೆ ಹೋಗುತ್ತಾಳೆ. ರಾಯಬಾಗ, ಕಾಗವಾಡದ ತಾಯಿ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಾಳೆ, ಎಮ್ಮೆ ಹಿಂಡುತ್ತಾಳೆ. ಪಟ್ಟಣದ ತಾಯಿ ಶಾಲೆಗೆ, ಕಚೇರಿಗೆ ಹೊರಡುತ್ತಾಳೆ. ಬಿಸ್ಕೀಟಿನ ಪೊಟ್ಟಣ ಮನೆ ಹೊಕ್ಕದ್ದು ತಾಯಿಯ ಅಲಕ್ಷ್ಯದಿಂದಲ್ಲ, ಅವಳ ಎರಡೇ ಕೈಗಳಿಗೆ ನಾಲ್ಕು ಕೈಗಳ ಕೆಲಸ ಬಿದ್ದುದರಿಂದ.

ಆದ್ದರಿಂದ ಪರಿಹಾರವೂ ಮನೆಮಂದಿಯೆಲ್ಲ ಕೂಡಿ ಕಾಣಬೇಕಾದುದು. ರಾತ್ರಿ ಬೇಳೆ ನೆನೆಹಾಕುವುದು, ಗಜ್ಜರಿ ತುರಿಯುವುದು, ಸೊಪ್ಪು ಬಿಡಿಸುವುದು ಗಂಡಸರಿಂದ ಆಗದ ಕೆಲಸಗಳಲ್ಲ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ವೇದಿಕೆಯ ಮೇಲೆ ಹೇಳುವ ನಾವು ಅಡುಗೆಮನೆಯ ಹೊಸ್ತಿಲಲ್ಲಿ ಆ ಮಾತನ್ನು ಮರೆಯಬಾರದು. ಬೆಳಿಗ್ಗೆ ರೊಟ್ಟಿ ಸುಟ್ಟ ಹಂಚು ಹೇಗೂ ಕಾದೇ ಇರುತ್ತದೆ. ಉರಿ ಸಣ್ಣದು ಮಾಡಿ ಆರು ತುಣುಕು ಇಟ್ಟು ಮುಚ್ಚಿದರೆ, ರೊಟ್ಟಿಬುಟ್ಟಿ ಎತ್ತಿಡುವಷ್ಟರಲ್ಲಿ ಅವು ಬೆಂದಿರುತ್ತವೆ. ಬೇರೆ ಒಲೆ, ಬೇರೆ ಇಂಧನ ಬೇಕಾಗುವುದಿಲ್ಲ.

ಓಣಿಯ ನಾಲ್ಕೈದು ಮನೆಯವರು ಕೂಡಿದರೆ ಇನ್ನೂ ಸುಲಭ. ಸರದಿಯಂತೆ ಒಬ್ಬೊಬ್ಬರು ಮಾಡಿ ಹಂಚಿಕೊಳ್ಳಬಹುದು. ಬ್ರೆಡ್ಡು ತೆಗೆದ ಮೇಲೆ ಬೇಕರಿಯ ಭಟ್ಟಿಯಲ್ಲಿ ಶಾಖ ಬಹಳ ಹೊತ್ತು ಉಳಿದಿರುತ್ತದೆ; ನಾನಕಟಾಯಿಗೆ ಕೊಟ್ಟಂತೆ ಸ್ವಲ್ಪ ಮಜೂರಿ ಕೊಟ್ಟರೆ ಒಂದು ತಟ್ಟೆ ಕಾಯಿಪಲ್ಲೆಯ ತಿನಿಸನ್ನು ಅಲ್ಲಿಯೇ ಸುಟ್ಟುಕೊಂಡು ಬರಬಹುದು. ನಮ್ಮ ಮಹಿಳಾ ಮಂಡಳಗಳು, ಅಕ್ಕನ ಬಳಗಗಳು ತಿಂಗಳಿಗೊಮ್ಮೆ ಸೇರುವಾಗ ಒಂದು ಗಳಿಗೆಯನ್ನು ಇದರ ಪ್ರಾತ್ಯಕ್ಷಿಕೆಗೆ ಮೀಸಲಿಟ್ಟರೆ ನೂರು ಉಪನ್ಯಾಸಗಳಿಗಿಂತ ಹೆಚ್ಚಿನ ಫಲ ದೊರೆಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ದೂರದ ಊರುಗಳಿಂದ ಕಟಾವಿಗೆ ಬರುವ ಕುಟುಂಬಗಳ ಕೂಸುಗಳು ನಮ್ಮ ಹೊಲಗಳ ಬದಿಯ ಗುಡಿಸಲುಗಳಲ್ಲಿಯೇ ತಿಂಗಳುಗಟ್ಟಲೆ ಬೆಳೆಯುತ್ತವೆ. ತಾಯಿ ಕೊಯ್ತಾ ಹಿಡಿದು ನಸುಕಿನಲ್ಲೇ ಹೊರಟಿರುತ್ತಾಳೆ. ನಮ್ಮ ಮಗುವಿಗಾಗಿ ಮಾಡಿದ ತಟ್ಟೆಯಿಂದ ಬುತ್ತಿಯ ಜೊತೆಗೆ ಹತ್ತು ತುಣುಕು ಆ ಮಕ್ಕಳಿಗೂ ಹೋಗಲಿ. ದಾಸೋಹವೆಂಬುದು ಮಠದ ಪಂಕ್ತಿಯಲ್ಲಿ ಮಾತ್ರ ನಡೆಯಬೇಕಾದ ಕಾರ್ಯವಲ್ಲವಷ್ಟೆ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ಮೊದಲ ವಾರ ಮಗುವಿನ ಚಹಾವನ್ನು ನಿಲ್ಲಿಸಿ. ಎರಡನೆಯ ವಾರ ಬೆಳಗಿನ ಟೋಸ್ಟಿನ ಜಾಗದಲ್ಲಿ ಒಂದು ಗೆಣಸಿನ ಕಡ್ಡಿ ಇಡಿ. ಮೂರನೆಯ ವಾರ ಹೆಸರುಬೇಳೆಯ ಬೆರಳು. ತಿಂಗಳೊಪ್ಪತ್ತಿನಲ್ಲಿ ಮಗುವೇ ಹಂಚಿನ ಕಡೆಗೆ ಕೈತೋರಿಸಿ ಕೇಳತೊಡಗುತ್ತದೆ. ಮಗುವಿನ ಮುಖ ಬಿಳಿಚಿದ್ದರೆ, ಬೇಗ ದಣಿಯುತ್ತಿದ್ದರೆ, ತಿನಿಸಿನಿಂದಲೇ ಸರಿಹೋಗುವುದೆಂದು ಕಾಯದೆ ಸಮೀಪದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಕಬ್ಬಿಣದ ಔಷಧವನ್ನು ತಪ್ಪದೆ ಕೊಡಬೇಕು. ಔಷಧ ಕೊರತೆಯನ್ನು ತುಂಬುತ್ತದೆ. ತುಂಬಿದ್ದು ಮತ್ತೆ ಬರಿದಾಗದಂತೆ ಕಾಯುವುದು ದಿನದಿನದ ತುತ್ತು. ಆ ತುತ್ತು ನಮ್ಮ ಹೊಲದಲ್ಲಿದೆ, ಹಿತ್ತಲಿನಲ್ಲಿದೆ, ಕಾದ ಹಂಚಿನ ಮೇಲಿದೆ. ಅದನ್ನು ಮಗುವಿನ ಅಂಗೈಗೆ ಮುಟ್ಟಿಸುವ ಹೊಣೆ ಮನೆಯ ಪ್ರತಿಯೊಬ್ಬರದು.